ಮಕ್ಕಳ ಜೊತೆ ಬಾದಾಮಿ, ಐಹೊಳೆ, ಪಟ್ಟದಕಲ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆ, ಕ್ರಿಸ್‌ಮಸ್ ರಜೆ ಹತ್ತಿರವಾದಂತೆ ಮಕ್ಕಳನ್ನು ಕಟ್ಟಿಕೊಂಡು ಚಾಲುಕ್ಯರ ಊರುಗಳಿಗೆ ಹೊರಡುವವರು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಲಾಡ್ಜು, ಬಸ್ಸಿನ ವಿವರ ಎಲ್ಲಾದರೂ ಸಿಗುತ್ತದೆ. ಮಕ್ಕಳು ಕಲ್ಲಿನ ಮುಂದೆ ನಿಂತು ಖುಷಿಯಿಂದ ನೋಡುವಂತಾಗಲು ಏನು ಮಾಡಬಹುದು ಎನ್ನುವುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಆರೇಳು ವರ್ಷದ ಮಗುವಿಗೆ ಶಿಲ್ಪಕಲೆ ಏನು ಅರ್ಥವಾಗುತ್ತದೆ?

ಶೈಲಿ, ಕಾಲ, ರಾಜವಂಶ ಅರ್ಥವಾಗುವುದಿಲ್ಲ. ಆಗಲೇಬೇಕೆಂದೂ ಇಲ್ಲ. ಆದರೆ ಹಂದಿ ಮುಖದ ದೇವರ ಕೈಮೇಲೆ ಇರುವವಳು ಯಾರು, ಆ ಕುಳ್ಳ ಯಾಕೆ ಹೊಟ್ಟೆ ಮುಂದೆ ಬಿಟ್ಟುಕೊಂಡು ಕುಣಿಯುತ್ತಿದ್ದಾನೆ, ಹಾವು ಕಾಲಿಗೆ ಸುತ್ತಿಕೊಂಡರೂ ಇವನು ಯಾಕೆ ಓಡುತ್ತಿಲ್ಲ ಎನ್ನುವುದೆಲ್ಲ ನಮಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ಬಾದಾಮಿಯ ಗುಹೆಗಳ ಜಗಲಿಯ ಕೆಳಪಟ್ಟಿಯಲ್ಲಿ ಸಾಲಾಗಿ ಕುಣಿಯುವ ಗಣಗಳು, ಅಂದರೆ ಶಿವನ ಪರಿವಾರದ ಕುಳ್ಳರು, ಮಗುವಿನ ಕಣ್ಣಿನ ಎತ್ತರಕ್ಕೇ ಇವೆ. ನಾವು ದೊಡ್ಡವರು ಆ ಪಟ್ಟಿಯನ್ನು ದಾಟಿಕೊಂಡು ನೇರ ಒಳಗೆ ನುಗ್ಗುತ್ತೇವೆ.

ಹಾಗಾಗಿ ಈ ಪುಟದ ಎಲ್ಲ ಉತ್ತರಗಳ ಬೇರು ಒಂದೇ: ಮಗು ಮೊದಲು ನೋಡಲಿ, ನೀವು ಹೇಳುವುದು ಆಮೇಲೆ. ಹೆಸರು ಹೇಳಿದ ಕೂಡಲೇ ನೋಡುವುದು ನಿಂತುಬಿಡುತ್ತದೆ. "ಇದು ನಟರಾಜ" ಎಂದು ಕೇಳಿದ ಮಗು "ಸರಿ, ಮುಂದೆ?" ಎನ್ನುತ್ತದೆ. ಏನೂ ಹೇಳದೆ ನಿಲ್ಲಿಸಿದರೆ ಅದೇ ಮಗು ಕೈ ಎಣಿಸಲು ಶುರು ಮಾಡುತ್ತದೆ.

ಮೂರೂ ಊರು ಒಂದೇ ದಿನದಲ್ಲಿ ಮುಗಿಸಬಹುದಾ?

ಮುಗಿಸಬಹುದು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೊಂದು ಹತ್ತು ಹದಿನಾಲ್ಕು ಕಿಲೋಮೀಟರ್ ಅಷ್ಟೆ. ಆದರೆ ಮಕ್ಕಳಿದ್ದರೆ ಹಾಗೆ ಮಾಡಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಅವರು ಸುಸ್ತಾಗಿರುತ್ತಾರೆ, ಆಮೇಲೆ ನೋಡುವ ಪ್ರತಿಯೊಂದು ಗುಡಿಯೂ ಅವರಿಗೆ ಶಿಕ್ಷೆ. ಕಡಿಮೆ ಎಂದರೂ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಬಾದಾಮಿಯಲ್ಲೇ ಉಳಿದುಕೊಂಡು, ಮೊದಲ ದಿನ ಬೆಳಿಗ್ಗೆ ಗುಹೆಗಳು, ಮಧ್ಯಾಹ್ನ ಊಟ ನಿದ್ದೆ, ಸಂಜೆ ಅಗಸ್ತ್ಯ ತೀರ್ಥ ಎನ್ನುವ ಕೆರೆಯ ದಂಡೆ ಮತ್ತು ಭೂತನಾಥ ಗುಡಿ. ಎರಡನೇ ದಿನ ಬೆಳಿಗ್ಗೆ ಐಹೊಳೆ, ಬಿಸಿಲು ಇಳಿದ ಮೇಲೆ ಪಟ್ಟದಕಲ್ಲು.

ಕಾಲಾನುಕ್ರಮದಲ್ಲಿ ನೋಡಬೇಕಲ್ಲವೇ? ಐಹೊಳೆಯಿಂದ ಶುರು ಮಾಡಬೇಕು ಅಂತಾರೆ.

ಗುಡಿ ಕಟ್ಟುವ ಕಲೆ ಬೆಳೆದ ಬಗೆ ತಿಳಿಯಬೇಕೆನ್ನುವ ದೊಡ್ಡವರಿಗೆ ಅದು ಸರಿ. ಮಕ್ಕಳಿಗೆ ಬಾದಾಮಿಯೇ ಮೊದಲು. ಬೆಟ್ಟ ಹತ್ತುವುದು, ಕೆಂಪು ಬಂಡೆ, ಗುಹೆಯ ತಂಪು, ಕೆಳಗೆ ಕೆರೆ, ಮೇಲೆ ಕೋತಿ. ಕಲೆಗೆ ಮುಂಚೆ ಜಾಗವೇ ಅವರನ್ನು ಹಿಡಿದುಕೊಳ್ಳುತ್ತದೆ, ಆ ಉತ್ಸಾಹದಲ್ಲೇ ಶಿಲ್ಪವನ್ನೂ ನೋಡುತ್ತಾರೆ.

ಹೊರಡುವ ಮುಂಚೆ ಏನಾದರೂ ತಯಾರಿ ಬೇಕೇ?

ಎರಡೇ ಸಾಕು. ಒಂದು, ಕಥೆ. ವಾಮನ ಮೂರು ಹೆಜ್ಜೆ ಕೇಳಿದ್ದು, ವರಾಹ ಭೂಮಿಯನ್ನು ಎತ್ತಿದ್ದು, ನರಸಿಂಹ ಕಂಬದಿಂದ ಬಂದದ್ದು, ದೇವಿ ಮಹಿಷನನ್ನು ಕೊಂದದ್ದು, ರಾವಣ ಕೈಲಾಸ ಅಲುಗಾಡಿಸಿದ್ದು. ಈ ಐದು ಕಥೆ ಗೊತ್ತಿರುವ ಮಗುವಿಗೆ ಮೂರೂ ಊರಲ್ಲಿ ಗುರುತಿನವರು ಸಿಗುತ್ತಲೇ ಇರುತ್ತಾರೆ. ಅಜ್ಜಿ ಇದ್ದರೆ ಅಜ್ಜಿಯ ಬಾಯಿಂದಲೇ ಹೇಳಿಸಿ.

ಎರಡನೆಯದು ಸೋಪು. ಒಂದು ಬಾರ್ ಸೋಪು, ಒಂದು ಹಳೆಯ ಚಮಚ ಕೊಟ್ಟು ಮೀನನ್ನೋ ಆಮೆಯನ್ನೋ ಕೆತ್ತಲು ಹೇಳಿ. ಹತ್ತು ನಿಮಿಷದಲ್ಲಿ ಬಾಲ ಮುರಿಯುತ್ತದೆ, ಅಂಟಿಸಲು ಬರುವುದಿಲ್ಲ. ಬಾದಾಮಿಯ ಗುಹೆಗಳನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿಲ್ಲ. ಇಡೀ ಬೆಟ್ಟದ ಒಡಲನ್ನು ಕೊರೆದು, ಬೇಡದ್ದನ್ನು ತೆಗೆದು, ಕಂಬವನ್ನೂ ದೇವರನ್ನೂ ಉಳಿಸಿಕೊಂಡದ್ದು. ಈ ಮಾತು ಸೋಪಿನ ಬಾಲ ಮುರಿದ ಮಗುವಿಗೆ ನಾಟುವಷ್ಟು ಬೇರೆ ಯಾರಿಗೂ ನಾಟುವುದಿಲ್ಲ.

ಬಾದಾಮಿ ಗುಹೆಗಳಲ್ಲಿ ಮಕ್ಕಳಿಗೆ ಏನೇನು ತೋರಿಸಬೇಕು?

ನಾಲ್ಕು ಗುಹೆ ಇವೆ. ಎಲ್ಲದರಲ್ಲೂ ಎಲ್ಲವನ್ನೂ ತೋರಿಸಲು ಹೋಗಬೇಡಿ, ಗುಹೆಗೆ ಒಂದೋ ಎರಡೋ ಸಾಕು.

ಒಂದನೇ ಗುಹೆಯ ಹೊರಗೆ ಬಲಗಡೆ ಕುಣಿಯುವ ಶಿವನಿದ್ದಾನೆ. ಹದಿನೆಂಟು ಕೈ. ಸಂಖ್ಯೆಯನ್ನು ನೀವು ಹೇಳಬೇಡಿ, ಅವರೇ ಎಣಿಸಲಿ. ಒಬ್ಬರಿಗೆ ಹದಿನಾರು ಬರುತ್ತದೆ, ಇನ್ನೊಬ್ಬರಿಗೆ ಹತ್ತೊಂಬತ್ತು, ಜಗಳ ಆಗುತ್ತದೆ, ಮತ್ತೆ ಎಣಿಸುತ್ತಾರೆ. ಅಷ್ಟು ಹೊತ್ತಿಗೆ ಪಕ್ಕದಲ್ಲಿರುವ ಗಣಪತಿ, ನಂದಿ, ವಾದ್ಯ ಬಾರಿಸುವವನು ಎಲ್ಲರೂ ತಾವಾಗಿ ಕಂಡಿರುತ್ತಾರೆ. ಆಮೇಲೆ ಮನೆಮಂದಿ ಒಬ್ಬರ ಹಿಂದೆ ಒಬ್ಬರು ನಿಂತು ಕೈ ಚಾಚಿ, ಅದೇ ಭಂಗಿ ಮಾಡಿ ನೋಡಿ. ಸೊಂಟ ಎತ್ತ ಬಾಗಿದೆ, ಭಾರ ಯಾವ ಕಾಲ ಮೇಲಿದೆ ಎಂಬುದು ಕಣ್ಣಿಗಿಂತ ಮೊದಲು ಮೈಗೆ ತಿಳಿಯುತ್ತದೆ. ಭರತನಾಟ್ಯ ಕಲಿಯುವ ಮಗು ಇದ್ದರಂತೂ ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಅದೇ ಗುಹೆಯ ಎಡಗಡೆ ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ ಒಂದು ವಿಚಿತ್ರ ಪ್ರಾಣಿ ಇದೆ. ಒಂದು ಕಡೆಯಿಂದ ಆನೆ, ಇನ್ನೊಂದು ಕಡೆಯಿಂದ ಎತ್ತು, ತಲೆ ಮಾತ್ರ ಎರಡಕ್ಕೂ ಸೇರಿ ಒಂದೇ. ಒಂದು ಮಗುವನ್ನು ಈ ಕಡೆ, ಇನ್ನೊಂದನ್ನು ಆ ಕಡೆ ನಿಲ್ಲಿಸಿ "ಏನು ಕಾಣುತ್ತೆ?" ಎಂದು ಕೇಳಿ. ಸಾವಿರದ ನಾನೂರು ವರ್ಷಗಳ ಹಿಂದಿನ ಒಬ್ಬ ಶಿಲ್ಪಿ ಹೀಗೆ ಆಟ ಆಡಿದ್ದಾನೆ ಎನ್ನುವುದು ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ನನಗೂ.

ಎರಡನೆಯದು ಮತ್ತು ಮೂರನೆಯದು ವಿಷ್ಣುವಿನ ಗುಹೆಗಳು. ಎರಡರಲ್ಲೂ ವರಾಹ ಇದ್ದಾನೆ, ಎರಡರಲ್ಲೂ ಕಾಲೆತ್ತಿದ ತ್ರಿವಿಕ್ರಮ, ಅಂದರೆ ದೊಡ್ಡದಾಗಿ ಬೆಳೆದ ವಾಮನ, ಇದ್ದಾನೆ. ಒಂದೇ ಕಥೆಯನ್ನು ಎರಡು ಸಲ ಕೆತ್ತಿದ್ದಾರೆ. ಎರಡನೇ ಗುಹೆಯದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು, ಮೇಲೆ ಮೂರನೇ ಗುಹೆಗೆ ಹೋಗಿ ಅಲ್ಲಿನದರ ಮುಂದೆ ನಿಂತು ವ್ಯತ್ಯಾಸ ಹುಡುಕಿ. ಯಾವುದು ಇಷ್ಟ, ಯಾಕೆ ಇಷ್ಟ? ಇಲ್ಲಿ ಸರಿ ಉತ್ತರ ತಪ್ಪು ಉತ್ತರ ಇಲ್ಲ. ಮಗು "ಕೆಳಗಿನ ವರಾಹನೇ ಚೆನ್ನಾಗಿದ್ದಾನೆ" ಎಂದರೆ ತಿದ್ದಬೇಡಿ, ಕಾರಣ ಕೇಳಿ.

ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಸುರುಳಿ ಸುತ್ತಿದ ಆದಿಶೇಷನ ಮೇಲೆ ವಿಷ್ಣು ಕೂತಿರುವುದು ಇಲ್ಲೇ. ಮಲಗಿದ ವಿಷ್ಣುವನ್ನೇ ನೋಡಿ ಅಭ್ಯಾಸವಾದ ಮಕ್ಕಳು ಇದನ್ನು ತಕ್ಷಣ ಗಮನಿಸುತ್ತಾರೆ. ಚಾವಣಿಯ ಅಂಚಿನಲ್ಲಿ ಹಳೆಯ ವರ್ಣಚಿತ್ರದ ಚೂರುಗಳು ಉಳಿದಿವೆ; ಬಣ್ಣ ಎಲ್ಲಿದೆ ಎಂದು ಹುಡುಕಲು ಬಿಡಿ. ಈ ಗುಹೆಗೆ ಕಾಲ ಖಚಿತವಾಗಿದೆ. ಚಾಲುಕ್ಯರ ಮಂಗಳೇಶ ಬರೆಸಿದ ಶಾಸನದಲ್ಲಿ ಶಕ ವರ್ಷ 500 ಎಂದಿದೆ, ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 578. ಲೆಕ್ಕ ಬರುವ ಮಕ್ಕಳು ಗುಹೆಯ ವಯಸ್ಸನ್ನು ತಾವೇ ಕಂಡುಹಿಡಿಯಲಿ.

ನಾಲ್ಕನೆಯದು ಜೈನ ಗುಹೆ. ಬಾಹುಬಲಿಯ ಕಾಲು ಕೈಗೆ ಸುತ್ತಿದ ಬಳ್ಳಿ, ಹತ್ತಿರ ಇರುವ ಹಾವು. ಶ್ರವಣಬೆಳಗೊಳ ನೋಡಿದ ಮಕ್ಕಳಿಗೆ "ಈತ ಯಾರು ಹೇಳಿ" ಎಂದರೆ ಸಾಕು. ಇಷ್ಟು ಹೊತ್ತಿಗೆ ಅವರು ದಣಿದಿದ್ದರೆ ಕೆಳಗಿನ ಕೆರೆ ನೋಡುತ್ತಾ ಕೂತುಕೊಳ್ಳಿ.

ನಮಗೇ ಇದೆಲ್ಲ ಗೊತ್ತಿಲ್ಲ. ಮಗು ಕೇಳಿದರೆ ಏನು ಹೇಳೋದು?

"ನನಗೂ ಗೊತ್ತಿಲ್ಲ, ಬಾ ನೋಡೋಣ" ಎನ್ನಿ. ಕೈಯಲ್ಲಿ ಏನಿದೆ, ಕಾಲ ಕೆಳಗೆ ಯಾವ ಪ್ರಾಣಿ ಇದೆ, ಯಾರು ದೊಡ್ಡವರು ಯಾರು ಚಿಕ್ಕವರು, ಯಾರು ಯಾರನ್ನು ನೋಡುತ್ತಿದ್ದಾರೆ. ಇಷ್ಟನ್ನು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನವಿಲಿದ್ದರೆ ಷಣ್ಮುಖ, ಇಲಿಯಿದ್ದರೆ ಗಣಪತಿ, ಗರುಡನಿದ್ದರೆ ವಿಷ್ಣು. ಉಳಿದ ಅರ್ಧವನ್ನು ಸಂಜೆ ರೂಮಿಗೆ ಬಂದು ಹುಡುಕಬಹುದು.

ಗೈಡ್ ಮಾಡಿಕೊಳ್ಳಬೇಕಾ?

ಮಾಡಿಕೊಂಡರೆ ಒಳ್ಳೆಯದೇ. ಮೂರೂ ಕಡೆ ಪರವಾನಗಿ ಇರುವ ಸ್ಥಳೀಯ ಗೈಡ್‌ಗಳಿದ್ದಾರೆ, ಅವರಲ್ಲಿ ಹಲವರಿಗೆ ಪ್ರತಿ ಕಂಬವೂ ಗೊತ್ತು. ಶುರುವಿನಲ್ಲೇ ಒಂದು ಮಾತು ಹೇಳಿಬಿಡಿ: "ಎಲ್ಲ ಬೇಡ, ನಿಮಗೆ ಇಷ್ಟವಾದ ಐದು ಶಿಲ್ಪ ತೋರಿಸಿ, ಮಕ್ಕಳು ಮೊದಲು ನೋಡಿ ಪ್ರಶ್ನೆ ಕೇಳುತ್ತಾರೆ." ಈ ಮಾತಿಗೆ ಒಳ್ಳೆಯ ಗೈಡ್‌ಗಳ ಮುಖ ಅರಳುತ್ತದೆ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿ ಇವೆಯಂತೆ. ಯಾವುದನ್ನು ಆರಿಸಿಕೊಳ್ಳುವುದು?

ಮೂರು. ದುರ್ಗ ಗುಡಿ, ಲಾಡಖಾನ್ ಗುಡಿ, ರಾವಣಫಡಿ.

ದುರ್ಗ ಗುಡಿಯ ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿದೆ, ಸುತ್ತಲೂ ಕಂಬಗಳ ಮೊಗಸಾಲೆ. ಮಕ್ಕಳು ಓಡುತ್ತಾ ಒಂದು ಸುತ್ತು ಹಾಕಲಿ, ಆಮೇಲೆ ನಿಧಾನವಾಗಿ ಇನ್ನೊಂದು ಸುತ್ತು. ಗೂಡುಗಳಲ್ಲಿ ಮಹಿಷಮರ್ದಿನಿ, ನರಸಿಂಹ, ವರಾಹ, ನಂದಿಯ ಜೊತೆ ಶಿವ, ಗರುಡನ ಜೊತೆ ವಿಷ್ಣು ಇದ್ದಾರೆ. ಬಾದಾಮಿಯಲ್ಲಿ ಕಂಡವರು ಯಾರು ಯಾರು ಮತ್ತೆ ಸಿಕ್ಕರು ಎಂದು ಅವರೇ ಪಟ್ಟಿ ಮಾಡಲಿ. ಲಾಡಖಾನ್ ಗುಡಿಯ ಚಾವಣಿಯಲ್ಲಿ ಕಲ್ಲು ಚಪ್ಪಡಿಗಳ ಸಂದಿಗೆ ಮರದ ತೊಲೆಯಂಥ ಉದ್ದನೆಯ ಕಲ್ಲುಗಳನ್ನು ಕೂರಿಸಿದ್ದಾರೆ. ಮರದ ಕಟ್ಟಡದ ನೆನಪು ಕಲ್ಲಿನಲ್ಲಿ ಉಳಿದುಕೊಂಡದ್ದು ಅದು. ರಾವಣಫಡಿ ಗುಹೆಯಲ್ಲಿ ಸಪ್ತಮಾತೃಕೆಯರ (ಏಳು ತಾಯಿ ದೇವತೆಯರ) ನಡುವೆ ಕುಣಿಯುವ ಶಿವನನ್ನು ಬಾದಾಮಿಯ ಹದಿನೆಂಟು ಕೈಯವನ ಜೊತೆ ಹೋಲಿಸಿ.

ಶಕ್ತಿ ಉಳಿದಿದ್ದರೆ ಮೇಗುಟಿ ಬೆಟ್ಟ. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಅಲ್ಲಿದೆ, ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಹಾಡಿ ಹೊಗಳುವ ಶಾಸನ. ಚಿಕ್ಕ ಮಕ್ಕಳಿಗೆ ಬೇಡ.

ಪಟ್ಟದಕಲ್ಲಿನಲ್ಲಿ ಗುಡಿಗಳೆಲ್ಲ ಒಂದೇ ಥರ ಕಾಣುತ್ತವೆ ಅಂತ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ.

ಹಾಗಾದರೆ ಒಳಗೆ ಹೋಗುವ ಮುಂಚೆ ಹುಲ್ಲಿನ ಮೇಲೆ ನಿಂತು ಶಿಖರಗಳನ್ನು ಮಾತ್ರ ನೋಡಿ. ಕೆಲವು ಬಾಗುತ್ತಾ ಮೇಲೇರುತ್ತವೆ, ಕೆಲವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಮೊದಲನೆಯದು ಉತ್ತರದ ನಾಗರ ಶೈಲಿ, ಎರಡನೆಯದು ದಕ್ಷಿಣದ ದ್ರಾವಿಡ ಶೈಲಿ. ಎರಡೂ ಮಲಪ್ರಭೆಯ ದಡದ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿರುವುದೇ ಪಟ್ಟದಕಲ್ಲಿನ ಹೆಚ್ಚುಗಾರಿಕೆ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಲು ಮುಖ್ಯ ಕಾರಣವೂ ಅದೇ. "ಬಾಗಿದ್ದು ಎಷ್ಟು, ಮೆಟ್ಟಿಲು ಎಷ್ಟು?" ಎಂಬ ಒಂದೇ ಪ್ರಶ್ನೆಗೆ ಮಕ್ಕಳು ಇಡೀ ಅಂಗಳ ಸುತ್ತಿ ಬರುತ್ತಾರೆ.

ಆಮೇಲೆ ವಿರೂಪಾಕ್ಷ ದೇವಾಲಯ. ಪಲ್ಲವರ ಕಂಚಿಯನ್ನು ಚಾಲುಕ್ಯರ ದೊರೆ ಇಮ್ಮಡಿ ವಿಕ್ರಮಾದಿತ್ಯ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಕಟ್ಟಿಸಿದ್ದು. ಪಕ್ಕದ ಮಲ್ಲಿಕಾರ್ಜುನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಇಬ್ಬರು ಹೆಂಗಸರು ಕಟ್ಟಿಸಿದ ಎರಡು ದೊಡ್ಡ ಗುಡಿಗಳ ನಡುವೆ ನಿಂತಿದ್ದೀರಿ ಎಂದು ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ.

ವಿರೂಪಾಕ್ಷದ ಪೂರ್ವದ ಮುಖಮಂಟಪದಲ್ಲಿ ತಲೆಯೆತ್ತಿದರೆ ಚಾವಣಿಯಲ್ಲಿ ರಥ ಏರಿದ ಸೂರ್ಯ ಕಾಣುತ್ತಾನೆ. ಒಳಗಿನ ಕಂಬಗಳು ಕಥೆಪುಸ್ತಕವೇ: ರಾಮಾಯಣ, ಮಹಾಭಾರತ, ಭಾಗವತದ ದೃಶ್ಯಗಳು ಪಟ್ಟಿ ಪಟ್ಟಿಯಾಗಿವೆ. ಮಲ್ಲಿಕಾರ್ಜುನದಲ್ಲಿ ಪಂಚತಂತ್ರದ ಕಥೆಗಳೂ ಇವೆ. ಒಳಗೆ ಬೆಳಕು ಕಡಿಮೆ, ಆದ್ದರಿಂದ ಒಂದು ಚಿಕ್ಕ ಟಾರ್ಚ್ ಮಗುವಿನ ಕೈಗೇ ಕೊಡಿ. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಬಿಟ್ಟರೆ ಉಬ್ಬುಗಳೆಲ್ಲ ಎದ್ದು ನಿಲ್ಲುತ್ತವೆ. ಜಟಾಯು ರಾವಣನನ್ನು ತಡೆಯುವುದನ್ನು ಟಾರ್ಚ್ ಹಿಡಿದು ತಾನೇ ಕಂಡುಹಿಡಿದ ಮಗು ಆ ಗುಡಿಯನ್ನು ಮರೆಯುವುದಿಲ್ಲ. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಪೂಜೆ ಮಾಡುವವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ವಿರೂಪಾಕ್ಷ ಗುಡಿ ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರು ಇಲ್ಲಿನ ಶಾಸನದಲ್ಲಿದೆ. ರಾಜರ ಹೆಸರು ಮರೆತರೂ ಪರವಾಗಿಲ್ಲ, ಈ ಹೆಸರನ್ನು ಮಕ್ಕಳಿಗೆ ಹೇಳಿಕೊಡಿ. ಇದನ್ನೆಲ್ಲ ಮಾಡಿದ್ದು ಮನುಷ್ಯರ ಕೈ, ಆ ಕೈಗೆ ಒಂದು ಹೆಸರಿತ್ತು ಎಂದು ತಿಳಿದ ಮೇಲೆ ಮಕ್ಕಳು ಕಲ್ಲನ್ನು ನೋಡುವ ರೀತಿಯೇ ಬದಲಾಗುತ್ತದೆ.

ಮುಟ್ಟಲು ಬಿಡಬಹುದಾ?

ಬೇಡ. ಇದು ಮರಳುಗಲ್ಲು, ಕೈಯ ಬೆವರು ಎಣ್ಣೆ ಅದಕ್ಕೆ ಒಳ್ಳೆಯದಲ್ಲ. ಕೆಳಗೆ ಬಿದ್ದಿರುವ ಸಾಮಾನ್ಯ ಬಂಡೆಯನ್ನು ಮುಟ್ಟಿ ತರಿತರಿ ಎಷ್ಟಿದೆ ನೋಡಲಿ, ಶಿಲ್ಪವನ್ನು ಗಾಳಿಯಲ್ಲಿ ಬೆರಳಾಡಿಸಿ ಗೆರೆ ಹಿಡಿಯಲಿ.

ಮೂಗು, ಕೈ ಮುರಿದಿರುವುದನ್ನು ನೋಡಿ "ಯಾರು ಒಡೆದರು?" ಅಂತ ಕೇಳುತ್ತಾರೆ.

ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಬೇಡಿ. ಮಳೆ ಗಾಳಿಗೆ ಸವೆದದ್ದಿದೆ, ಯುದ್ಧದಲ್ಲಿ ಹೋದದ್ದಿದೆ, ನಿಧಿ ಹುಡುಕುವವರು ಕಿತ್ತದ್ದಿದೆ, ತಮ್ಮ ಹೆಸರು ಕೊರೆದ ಪ್ರವಾಸಿಗರು ಕೆಡಿಸಿದ್ದಿದೆ. ಒಂದೊಂದು ಕಡೆ ಒಂದೊಂದು ಕಾರಣ. ಮುರಿದ ಕೈ ಹೇಗಿದ್ದಿರಬಹುದು, ಏನು ಹಿಡಿದಿದ್ದಿರಬಹುದು ಎಂದು ಊಹಿಸಿ ಪುಸ್ತಕದಲ್ಲಿ ಬರೆಯಲು ಹೇಳಿದರೆ ಬಹಳ ಚೆಂದದ ಚಿತ್ರಗಳು ಬರುತ್ತವೆ.

ಮಿಥುನ ಶಿಲ್ಪ, ಬತ್ತಲೆ ಮೂರ್ತಿ ಬಂದಾಗ ಮುಜುಗರವಾಗುತ್ತದೆ.

ಮುಜುಗರ ನಮ್ಮದು, ಮಕ್ಕಳದ್ದಲ್ಲ. ಮೂರನೇ ಗುಹೆಯ ಕಂಬದ ತಲೆಯಲ್ಲಿರುವ ಜೋಡಿಗಳನ್ನು "ಗಂಡ ಹೆಂಡತಿ, ಪ್ರೀತಿಯಿಂದ ನಿಂತಿದ್ದಾರೆ" ಎಂದರೆ ಚಿಕ್ಕವರಿಗೆ ಸಾಕಾಗುತ್ತದೆ. ಬಾದಾಮಿಯ ವಸ್ತುಸಂಗ್ರಹಾಲಯದ ಲಜ್ಜಾಗೌರಿಗೆ ತಲೆಯ ಜಾಗದಲ್ಲಿ ಕಮಲವಿದೆ. ಆಕೆ ಹೆರುವ ತಾಯಿ, ಮಗುವೂ ಬೆಳೆಯೂ ಆಗಲಿ ಎಂದು ಜನ ಪೂಜಿಸಿದ ದೇವಿ. ನೇರವಾಗಿ, ಸಹಜ ದನಿಯಲ್ಲಿ ಹೇಳಿ. ಕಣ್ಣು ಮುಚ್ಚಿ ಎಳೆದುಕೊಂಡು ಹೋದರೆ ಅಲ್ಲಿ ಏನೋ ತಪ್ಪಿದೆ ಎಂದು ನಾವೇ ಕಲಿಸಿದಂತಾಗುತ್ತದೆ.

ಚಿತ್ರ ಬರೆಯಲು ಕೂರಿಸಬೇಕಾ? "ನಂಗೆ ಬರಲ್ಲ" ಅಂತಾಳೆ.

ಇಡೀ ಮೂರ್ತಿ ಬರೆಯಲು ಯಾರಿಗೂ ಬರುವುದಿಲ್ಲ. ಒಂದು ಬೆರಳಿನ ಉಂಗುರ, ಒಂದು ಕಿವಿಯ ಓಲೆ, ಒಂದು ಗಣನ ಹೊಟ್ಟೆ, ಅಷ್ಟೇ ಬರೆಯಲು ಹೇಳಿ. ನೀವೂ ಪಕ್ಕದಲ್ಲಿ ಕೂತು ಬರೆಯಿರಿ, ನಿಮ್ಮದು ಹೇಗೆ ಬಂದರೂ ಮುಚ್ಚಿಡಬೇಡಿ. ಹೊಗಳಿಕೆಯ ಬದಲು "ಈ ಗೆರೆ ಹೇಗೆ ಕಂಡುಹಿಡಿದೆ?" ಎಂದು ಕೇಳಿ. ಬರೆಯಲು ಒಲ್ಲದ ಮಗು ಕಥೆ ಹೇಳಲಿ, ಭಂಗಿ ಮಾಡಲಿ. ಹೋಮ್‌ವರ್ಕ್ ಮಾತ್ರ ಆಗಬಾರದು.

ಹದಿಹರೆಯದ ಮಗ ಮೊಬೈಲಿನಿಂದ ತಲೆ ಎತ್ತುವುದಿಲ್ಲ.

ಅವನಿಗೆ ಗಣಗಳ ಆಟ ಸಾಲದು, ಕಥೆ ಬೇಕು. ಹೀಗೊಂದು ಕಥೆ ಇದೆ. 642ರ ಹೊತ್ತಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಗೆದ್ದುಕೊಂಡ. ಊರಿನ ಬಂಡೆಯ ಮೇಲೆ ಅವನ ಶಾಸನ ಇಂದಿಗೂ ಇದೆ. ಸುಮಾರು ನೂರು ವರ್ಷದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳುವ ಕಾಲ. ಆದರೆ ಆತ ಅಲ್ಲಿನ ಕೈಲಾಸನಾಥ ದೇವಾಲಯದ ಐಶ್ವರ್ಯ ನೋಡಿ ಅದನ್ನು ದೋಚದೆ ದೇವರಿಗೇ ಮರಳಿ ಒಪ್ಪಿಸಿದ, ಹಾಗೆಂದು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ತಮಿಳುನಾಡಿನ ಕಂಚಿಯಲ್ಲಿ ಆ ಕನ್ನಡ ಶಾಸನ ಇನ್ನೂ ಇದೆ. ಅದೇ ಗೆಲುವಿನ ನೆನಪಿಗೆ ಎದ್ದದ್ದು ಪಟ್ಟದಕಲ್ಲಿನ ವಿರೂಪಾಕ್ಷ, ಅದರಲ್ಲಿ ಕಂಚಿಯ ಗುಡಿಯ ಛಾಯೆ ಕಾಣುತ್ತದೆ. ಗೆದ್ದವನು ಸೋತವರ ಕಲೆಗೆ ಸೋತ ಈ ಕಥೆಯನ್ನು ವಿರೂಪಾಕ್ಷದ ಎದುರು ನಿಂತು ಹೇಳಿ. ಮೊಬೈಲನ್ನು ಕಿತ್ತುಕೊಳ್ಳಬೇಡಿ, ಫೋಟೊ ತೆಗೆಯುವ ಕೆಲಸವನ್ನು ಅವನಿಗೇ ವಹಿಸಿ: ಮುಖ ಬೇಡ, ಬರೀ ಕೈಗಳು, ಅಥವಾ ಬರೀ ಪ್ರಾಣಿಗಳು.

ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಪುರಾಣವೂ ಗೊತ್ತಿಲ್ಲ.

ಶಿಲ್ಪ ನೋಡಲು ಓದು ಬೇಕಿಲ್ಲ. ಅವರಿಗಾಗಿ ಒಂದು ಕೆಲಸ ಮಾಡಿ. ಬಾದಾಮಿಯ ತಟ್ಟುಕೋಟೆಯ ಬಂಡೆಯಲ್ಲಿ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡದ ಬಲು ಹಳೆಯ ತ್ರಿಪದಿ ಅದರಲ್ಲಿದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲನ್ನು ಜೋರಾಗಿ ಓದಿ, ಅವರೂ ಹೇಳಲಿ. ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾದವರಿಗೆ ಸಿಹಿಯಾದವನು. ಸಾವಿರದ ಮುನ್ನೂರು ವರ್ಷದ ಹಿಂದಿನ ಸಾಲು ಅಜ್ಜಿಯ ಭಾಷೆಯಲ್ಲೇ ಇದೆ ಎಂದು ಅವರಿಗೆ ಕಿವಿಯಿಂದಲೇ ಗೊತ್ತಾಗುತ್ತದೆ.

ಬಿಸಿಲು, ಕೋತಿ, ಟಿಕೆಟ್?

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್ ಮೇ ಬೇಡವೇ ಬೇಡ. ಚಪ್ಪಲಿ ಬಿಡುವ ಕಡೆ ಕಲ್ಲು ಸುಡುತ್ತದೆ, ಸಾಕ್ಸ್ ಇರಲಿ. ಗುಹೆಗಳ ಹತ್ತಿರ ಕೋತಿಗಳು ಕೈಚೀಲ ಕಸಿಯುತ್ತವೆ, ತಿಂಡಿ ಕೆಳಗೇ ಬಿಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ.

ನಾವಿರುವುದು ಮೈಸೂರಿನಲ್ಲಿ. ಅಷ್ಟು ದೂರ ಈಗ ಆಗುವುದಿಲ್ಲ.

ಸೋಮನಾಥಪುರಕ್ಕೆ ಹೋಗಿ, ಅರ್ಧ ದಿನ ಸಾಕು. ಹದಿಮೂರನೇ ಶತಮಾನದ ಹೊಯ್ಸಳ ಗುಡಿ, ಬೇಲೂರು ಹಳೇಬೀಡಿನ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಕಥೆಗಳ ಪಟ್ಟಿ. ಎಲ್ಲಕ್ಕಿಂತ ಮಕ್ಕಳಿಗೆ ಹಿಡಿಸುವುದು ಹೊರಗೋಡೆಯ ಮೂರ್ತಿಗಳ ಪಾದಪೀಠದಲ್ಲಿರುವ ಅಕ್ಷರಗಳು. ಮಲ್ಲಿತಮ್ಮ ಎಂಬ ಶಿಲ್ಪಿ ಹಲವು ಕಡೆ ತನ್ನ ಹೆಸರು ಕೆತ್ತಿದ್ದಾನೆ. ಹಳಗನ್ನಡದ ಲಿಪಿ ಓದಲು ಬರದಿದ್ದರೂ ಒಂದು ಕಡೆ ಆ ಅಕ್ಷರಗಳ ಆಕಾರ ತೋರಿಸಿಕೊಟ್ಟರೆ ಉಳಿದ ಕಡೆ ಮಕ್ಕಳೇ ಹುಡುಕುತ್ತಾರೆ. ಭಾನುವಾರ ಜನಜಂಗುಳಿ ಇರುತ್ತದೆ, ವಾರದ ದಿನ ಬೆಳಿಗ್ಗೆ ಬೇಗ ಹೋಗಿ.